ಎರಡು ಗಾಜಿನ ಕಿಟಕಿಗೆ ಹೊಸ ಬಿಜಾಗರಿ

ಭಟ್ಕಳದ ಬದಿಯ ಜಾಲಿ ಊರಿನಲ್ಲಿ ನಾವಿರುವ ಬಾಡಿಗೆ ಮನೆಯ ಕಿಟಕಿಗಳಿಗೆ ಎರಡೆರಡು ಗಾಜು. ಇದನ್ನು ಹೇಳಿದರೆ ತವರಿನವರು ಮೊದಲು ನಂಬಲಿಲ್ಲ. ಮಾವಳ್ಳಿಯಿಂದ ಬಂದ ನನ್ನ ಅತ್ತಿಗೆ ಗಾಜಿನ ಮೇಲೆ ಬೆರಳಿಟ್ಟು, ಬೆರಳಿನ ಬಿಂಬ ಎರಡು ಕಾಣುವುದನ್ನು ನೋಡಿ, "ಒಂದು ಒಡೆದ್ರೆ ಇನ್ನೊಂದು ಇರ್ಲಿ ಅಂತಾ?" ಎಂದು ಕೇಳಿದ್ದಳು.

ಮನೆ ಕಟ್ಟಿಸಿದವನು ದುಬೈಯಲ್ಲಿದ್ದಾನೆ. ಕೆಳಗಿನ ಮನೆಯಲ್ಲಿ ಅವನ ತಾಯಿ, ಮಹಡಿಯಲ್ಲಿ ನಾವು ಗಂಡ ಹೆಂಡತಿ. ದುಬೈಯಲ್ಲಿ ಕಂಡಂಥದ್ದೇ ಕಿಟಕಿ ಇಲ್ಲಿಯೂ ಬೇಕೆಂದು ಆತ ಬಿಳಿ ಪ್ಲಾಸ್ಟಿಕ್ಕಿನ ಚೌಕಟ್ಟು, ಅದರೊಳಗೆ ಒಂದರ ಹಿಂದೊಂದು ಎರಡು ಗಾಜು, ನಡುವೆ ಬೆರಳಿನಷ್ಟು ಖಾಲಿ ಜಾಗ, ಎಲ್ಲ ಮಾಡಿಸಿದ. ಏಸಿಯ ತಂಪು ಹೊರಗೆ ಹೋಗಬಾರದು, ಹೊರಗಿನ ಬಿಸಿಯೂ ಗದ್ದಲವೂ ಒಳಗೆ ಬರಬಾರದು ಎಂಬುದು ಅವನ ಲೆಕ್ಕ. ನಮಗೆ ಏಸಿ ಇಲ್ಲ. ಕಿಟಕಿ ಮುಚ್ಚಿದರೆ ನಾವೇ ಬೇಯುತ್ತೇವೆ. ಹಾಗಾಗಿ ಬೆಳಗಾದರೆ ನಾನು ಮಾಡುವ ಮೊದಲ ಕೆಲಸ ಅಷ್ಟೂ ಕಿಟಕಿಗಳನ್ನು ಹೊರಕ್ಕೆ ತಳ್ಳಿ ತೆರೆದಿಡುವುದು.

ನನ್ನದು ಹೊಲಿಗೆ ಕೆಲಸ. ಪಡುವಣ ಬದಿಯ ದೊಡ್ಡ ಕಿಟಕಿಯ ಬದಿಗೆ ನನ್ನ ಮಿಷನ್ನು, ಅದರಾಚೆ ಬಟ್ಟೆ ಕತ್ತರಿಸುವ ಮೇಜು. ಕಡಲಿನ ಗಾಳಿಯೂ ಬೆಳಕೂ ಅಲ್ಲಿಂದಲೇ ಬರಬೇಕು. ಆ ಕಿಟಕಿಯ ಬಿಜಾಗರಿ ಕೆಲವು ತಿಂಗಳಿಂದ ಕಿರುಗುಡುತ್ತಿತ್ತು. ಅದು ಬಾಗಿಲಿನ ಬಿಜಾಗರಿಯ ಹಾಗೆ ಬದಿಗಿರುವುದಿಲ್ಲ. ಕಿಟಕಿಯ ತಲೆಯಲ್ಲೊಂದು, ಬುಡದಲ್ಲೊಂದು, ಮಡಚುವ ಉದ್ದನೆಯ ಪಟ್ಟಿ. ಅಷ್ಟು ಭಾರದ ಗಾಜನ್ನು ಹಿಡಿದಿರುವುದು ಆ ಎರಡು ಪಟ್ಟಿಗಳೇ. ಕಿರುಗುಟ್ಟಿದಾಗಲೆಲ್ಲ ನಾನು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ನಾಲ್ಕು ಹನಿ ಬಿಡುತ್ತಿದ್ದೆ. ಎರಡು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತಿತ್ತು. ಪಟ್ಟಿಯ ಸಂದಿಯಲ್ಲಿ ಕೆಂಪು ತುಕ್ಕು ಕಂಡಿದ್ದೆ. ಕಡಲ ಬದಿಯಲ್ಲಿ ತುಕ್ಕು ಹಿಡಿಯದ್ದು ಯಾವುದಿದೆ ಎಂದುಕೊಂಡು ಸುಮ್ಮನಾಗಿದ್ದೆ.

ಮೇ ತಿಂಗಳು. ಮದುವೆಯ ಬ್ಲೌಸುಗಳ ರಾಶಿ. ಗಂಡ ಬಸ್ ಕಂಡಕ್ಟರು, ಭಟ್ಕಳದಿಂದ ಕುಮಟೆಗೆ ಹೋಗಿ ಬರುವ ಬಸ್ಸಿನಲ್ಲಿ ಅವರ ಡ್ಯೂಟಿ. ಅವತ್ತು ಅವರು ಬೆಳಿಗ್ಗೆಯೇ ಹೊರಟುಹೋಗಿದ್ದರು. ಹತ್ತು ಗಂಟೆಯ ಹೊತ್ತಿಗೆ ಸೆಖೆ ತಡೆಯಲಾರದೆ, ಅರ್ಧ ತೆರೆದಿದ್ದ ಆ ಕಿಟಕಿಯನ್ನು ಇನ್ನಷ್ಟು ತಳ್ಳಿದೆ. ಮೇಲೆ 'ಟಣ್' ಎಂದಿತು. ಕಿಟಕಿ ಒಮ್ಮೆಲೇ ಹೊರಗೆ ವಾಲಿತು.

ಹೇಗೆ ಹಿಡಿದೆನೋ ನನಗೇ ಗೊತ್ತಿಲ್ಲ. ಎಡಗೈಯಲ್ಲಿ ಹಿಡಿಕೆ, ಬಲಗೈಯಲ್ಲಿ ಮೇಲಿನ ಅಂಚು. ಹೊಟ್ಟೆ ಗೋಡೆಗೆ ಒತ್ತಿ ನಿಂತಿದ್ದೆ. ತಲೆಯ ಕಡೆಯ ಪಟ್ಟಿ ತುಂಡಾಗಿ ನೇತಾಡುತ್ತಿತ್ತು, ಬುಡದ ಪಟ್ಟಿಯೊಂದೇ ಹಿಡಿದಿತ್ತು. ಇಪ್ಪತ್ತೈದು ಕಿಲೋ ಅಕ್ಕಿಯ ಚೀಲವನ್ನು ಕಿಟಕಿಯಾಚೆ ತೂಗುಹಾಕಿ ಹಿಡಿದುಕೊಂಡ ಹಾಗೆ. ಒಳಗೆ ಎಳೆಯುವಷ್ಟು ಬಲ ನನಗಿಲ್ಲ. ಬಿಡುವ ಹಾಗೂ ಇಲ್ಲ, ಏಕೆಂದರೆ ನೇರ ಕೆಳಗೆ ಮನೆಯೊಡತಿ ಕೂತಿದ್ದರು.

ಅಂಗಳದ ಬಿಸಿಲಿನಲ್ಲಿ, ಸಾರಿನ ಹುಳಿಗೆಂದು ಮುರುಗಲ ಹಣ್ಣಿನ ಸಿಪ್ಪೆ ಒಣಹಾಕಿದ್ದರು. ಕಾಗೆ ಕಾಯಲು ಗೋಡೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಬೆಳಗಿನ ಹೊತ್ತು ಪಡುವಣ ಗೋಡೆಯ ನೆರಳು ಬೀಳುವುದು ಸರಿಯಾಗಿ ನನ್ನ ಕಿಟಕಿಯ ಕೆಳಗೇ. ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಮೊಬೈಲು. ಮಗನ ಜೊತೆ ವಿಡಿಯೋ ಕಾಲ್. ಅವನು ಆಫೀಸಿಗೆ ಹೊರಡುವ ಮುಂಚೆ ದಿನಾ ಈ ಹೊತ್ತಿಗೆ ಮಾತಾಡುತ್ತಾನೆ.

"ಅಮ್ಮಾ, ಏಳಿ! ಆಚೆ ಹೋಗಿ!" ಎಂದು ಕೂಗಿದೆ.

ಅವರಿಗೆ ಕೇಳಿಸಲಿಲ್ಲ. ಮತ್ತೆ ಕೂಗಿದೆ. ಮೂರನೆಯ ಸಲಕ್ಕೆ ತಲೆಯೆತ್ತಿ ನೋಡಿದರು. ನೋಡಿ ನಕ್ಕರು. ನಾನು ಅವರ ಮಗನ ಕ್ಷೇಮ ಕೇಳುತ್ತಿದ್ದೇನೆ ಎಂದುಕೊಂಡಿರಬೇಕು. ಅವನ ಜೊತೆ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಹೇಳಿ, ಮೊಬೈಲನ್ನು ಮೇಲಕ್ಕೆ ತಿರುಗಿಸಿ ನನ್ನನ್ನು ತೋರಿಸಿದರು. ಅಲ್ಲಿಂದ ಅವನು ಕೈ ಬೀಸಿದ್ದೂ ನನಗೆ ಕಂಡಿತು. ನನ್ನ ಬೆವರು ಮೂಗಿನ ತುದಿಯಿಂದ ಗಾಜಿನ ಮೇಲೆ ಹನಿಯುತ್ತಿತ್ತು.

ಆಮೇಲೆ ಆ ಬೀಸುತ್ತಿದ್ದ ಕೈ ನಿಂತಿತು. ದುಬೈಯಲ್ಲಿ ಕೂತ ಮನುಷ್ಯನಿಗೆ, ತನ್ನ ತಾಯಿಯ ತಲೆಯ ಮೇಲೆ ಕಿಟಕಿ ತೂಗುತ್ತಿರುವುದು ಮೊದಲು ಕಂಡಿತು. ಅವನು ಏನು ಕಿರುಚಿದನೋ, ಅಮ್ಮ ಕಿವಿಯಿಂದ ಇಯರ್‌ಫೋನ್ ಕಿತ್ತು, ಕುರ್ಚಿ ಉರುಳಿಸಿ, ಮುರುಗಲ ಸಿಪ್ಪೆಯ ಮೇಲೆಯೇ ಓಡಿದರು. ಗೇಟಿನ ಹತ್ತಿರ ಹೋಗಿ ನಿಂತು ತಿರುಗಿ ನೋಡಿ, "ಯಾ ಅಲ್ಲಾ! ಬಿಡಬೇಡ ಮಗಾ, ಬಿಡಬೇಡ!" ಎಂದರು.

ಅದೇ ಹೊತ್ತಿಗೆ ಮೀನಿನ ಅಕ್ಕ ಗೇಟಿಗೆ ಬಂದಳು. ಅರವತ್ತು ದಾಟಿದ ಹೆಂಗಸು, ದಿನಾ ಬಂದರಿನಿಂದ ಮೀನು ತಂದು ನಮ್ಮ ಓಣಿಯಲ್ಲಿ ಮಾರುವವಳು. ಮನೆಮಾತು ಕೊಂಕಣಿ. ನಮ್ಮ ಜೊತೆ ಕನ್ನಡ, ಅಮ್ಮನ ಜೊತೆ ಅವರದೇ ಭಾಷೆ. ಒಂದು ಸಲ ಮೇಲೆ ನೋಡಿದಳು, ಬುಟ್ಟಿ ಇಳಿಸಿದಳು, ಸೀರೆ ಎತ್ತಿ ಕಟ್ಟಿಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲು ಹಾಕಿರಲಿಲ್ಲ, ಪುಣ್ಯ.

"ಸರಿ, ಸರಿ ತಂಗೀ, ಕೈ ಹಂಗೇ ಇರ್ಲಿ" ಎನ್ನುತ್ತ ನನ್ನ ಪಕ್ಕದಲ್ಲಿ ಬಗ್ಗಿ, ಹೊರಗೆ ಕೈ ಚಾಚಿ, ಕಿಟಕಿಯ ಕೆಳಮೂಲೆಗೆ ಅಂಗೈ ಕೊಟ್ಟಳು. ನನ್ನ ತೋಳಿನ ಮೇಲಿದ್ದ ಭಾರ ಅರ್ಧಕ್ಕಿಳಿಯಿತು. ಇನ್ನೊಂದು ಕೈಯಲ್ಲಿ ತಲೆಯ ಮೇಲಿದ್ದ ಸಿಂಬಿಯನ್ನು ತೆಗೆದು, ಕಿಟಕಿಯ ಅಂಚಿಗೂ ಗೋಡೆಗೂ ನಡುವೆ ತುರುಕಿದಳು. ಬುಟ್ಟಿ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಆ ಬಟ್ಟೆಯ ಸುತ್ತಿನ ಮೇಲೆ ಕಿಟಕಿ ಬಂದು ಕೂತಿತು.

"ಈಗ ನಾ ಹಿಡೀತೆ. ನೀ ಕೆಳಗಿನ ಸ್ಕ್ರೂ ಬಿಚ್ಚು."

ಮಿಷನ್ನಿನ ಸಣ್ಣ ಸ್ಕ್ರೂಡ್ರೈವರಿನಿಂದಲೇ ನಾಲ್ಕು ಸ್ಕ್ರೂ ಬಿಚ್ಚಿದೆ. ಅಷ್ಟು ಹೊತ್ತೂ ಅವಳು ಅಲುಗಲಿಲ್ಲ. ಆಮೇಲೆ ಇಬ್ಬರೂ ಅದನ್ನು ಓರೆ ಮಾಡಿ, "ಹಳೂ, ಹಳೂ" ಎನ್ನುತ್ತ ಒಳಗೆ ತಂದು ಕತ್ತರಿಸುವ ಮೇಜಿನ ಮೇಲೆ ಮಲಗಿಸಿದೆವು. ಗಾಜಿನ ತುಂಬ ಮೀನಿನ ಹುರುಪೆ ಅಂಟಿದ ಅವಳ ಹಸ್ತದ ಗುರುತು. ನಾನು ನೆಲದ ಮೇಲೆ ಕೂತು ಅಳಲೋ ನಗಲೋ ಎಂದು ನೋಡುತ್ತಿದ್ದರೆ ಅವಳು ಸೊಂಟದ ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು:

"ಬಂಗಡೆ ಒಳ್ಳೇದಿತ್ತು. ಬೇಕಾ?"

ನಕ್ಕೆ. ಆ ದಿನ ಬೇಕಾದ್ದಕ್ಕಿಂತ ಹೆಚ್ಚೇ ಬಂಗಡೆ ತೆಗೆದುಕೊಂಡೆ.

ಹೊರಡುವ ಮೊದಲು ಅವಳು ತುಂಡಾದ ಪಟ್ಟಿಯನ್ನು ಎತ್ತಿ ನೋಡಿದಳು. ಬೆರಳಿನಿಂದ ಉಜ್ಜಿದರೆ ಕೆಂಪು ಪುಡಿ ಉದುರಿತು. "ಇದು ಕಡಲ ಬದಿಗೆ ಹಾಕೂ ಸಾಮಾನಲ್ಲ ತಂಗಿ. ಬೋಟಿಗೆ ಹಾಕ್ತ್ರಲೇ, ಅಂಥಾ ಸ್ಟೀಲ್ ಆಗ್ಬೇಕು. ನಮ್ಮ ಮನೆಯವ್ರು ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ರೇ ತಕಂತ್ರು" ಎಂದಳು.

ಸಂಜೆ ದುಬೈಯ ಮಗ ಮತ್ತೆ ಫೋನು ಮಾಡಿದ. ತುಂಬ ಹೆದರಿದ್ದ, ನನಗೆ ಹತ್ತು ಸಲ ಥ್ಯಾಂಕ್ಸ್ ಹೇಳಿದ. ಮಳೆಗಾಲ ಮುಗಿದ ಮೇಲೆ ರಜೆಗೆ ಬರುತ್ತೇನೆ, ಆಗ ಇಡೀ ಕಿಟಕಿಯನ್ನೇ ಹೊಸದು ಹಾಕಿಸುವಾ ಎಂದ. ಮಳೆಗಾಲ ಬರಲು ಮೂರು ವಾರವಿತ್ತು. ಅಲ್ಲಿಯವರೆಗೆ ಪಡುವಣ ಗೋಡೆಯಲ್ಲಿ ತೂತು ಇಟ್ಟುಕೊಂಡು ಕೂರುವುದಾದರೂ ಹೇಗೆ? "ಕಿಟಕಿಗೆ ಎಂತದೂ ಆಗ್ಲಿಲ್ಲ. ಬಿಜಾಗರಿ ಅಷ್ಟೇ. ನಾವೇ ನೋಡ್ಕಣ್ತೇವೆ" ಎಂದುಬಿಟ್ಟೆ. ಪಕ್ಕದಲ್ಲಿ ಬಂಗಡೆ ಊಟ ಮಾಡುತ್ತಿದ್ದ ಗಂಡ ತಲೆಯೆತ್ತಿ, "ನಾವು ಅಂದ್ರೆ ಯಾರು?" ಎಂದರು.

ಮರುದಿನದಿಂದ ತುಂಡು ಬಿಜಾಗರಿ ಅವರ ಟಿಕೆಟ್ ಚೀಲದಲ್ಲಿ ಊರೂರು ತಿರುಗತೊಡಗಿತು. ಭಟ್ಕಳದ ಅಂಗಡಿಗಳಲ್ಲಿ ಬಾಗಿಲಿನ ಬಿಜಾಗರಿ ಬೇಕಾದಷ್ಟಿತ್ತು, ಇದು ಇರಲಿಲ್ಲ. ಹೊನ್ನಾವರದಲ್ಲಿ ಬಸ್ಸು ನಿಂತ ಹತ್ತು ನಿಮಿಷದಲ್ಲಿ ಓಡಿ ಹೋಗಿ ಒಂದು ಅಂಗಡಿಯಲ್ಲಿ ಇಂಥದ್ದೇ ಜೋಡಿ ಸಿಕ್ಕಿತೆಂದು ಗೆದ್ದು ಬಂದವರ ಹಾಗೆ ತಂದರು. ಉದ್ದ ಸರಿಯಿತ್ತು. ನಾನು ಟೇಪು ಹಿಡಿದು ನೋಡಿದರೆ ಮಡಚಿದಾಗಿನ ದಪ್ಪ ನಾಲ್ಕು ಮಿಲಿಮೀಟರು ಹೆಚ್ಚು.

"ನಾಲ್ಕು ಮಿಲಿಮೀಟ್ರಿಗೆ ಎಂತ ಆಗ್ತದೆ?" ಎಂದರು ಅವರು.

"ಬ್ಲೌಸಿನ ತೋಳು ನಾಲ್ಕು ಮಿಲಿಮೀಟ್ರು ಬಿಗಿಯಾದ್ರೆ ಕೈಯೇ ಎತ್ತೂಕಾಗೂದಿಲ್ಲ. ಇದು ಹಾಕಿದ್ರೆ ಕಿಟಕಿ ಮುಚ್ಚೂದೇ ಇಲ್ಲ" ಎಂದೆ.

ಕಿಟಕಿಯ ಜಾಗಕ್ಕೆ ಹಳೆಯ ಸೀರೆ ಕಟ್ಟಿದ್ದೆ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಗಾಳಿಮಳೆ ಬಂತು. ಸೀರೆ ಕಿತ್ತು ತೆಂಗಿನ ಮರಕ್ಕೆ ಹೋಗಿ ಸಿಕ್ಕಿಕೊಂಡಿತು. ನಾನು ಮದುಮಗಳ ಬ್ಲೌಸುಗಳನ್ನು ಅಪ್ಪಿ ಹಿಡಿದು ಮಂಚದ ಕೆಳಗೆ ನುಗ್ಗಿದೆ. ಮಿಷನ್ನಿಗೆ ಕಂಬಳಿ ಹೊದಿಸುವ ಹೊತ್ತಿಗೆ ಲೈನಿಂಗ್ ಬಟ್ಟೆ ಒಂದಿಷ್ಟು ಒದ್ದೆಯಾಗಿತ್ತು. ಅಷ್ಟರಲ್ಲೇ ಪಾರಾದೆ. ಆದರೆ ಇನ್ನು ಗಂಡನ ಹತ್ತು ಹತ್ತು ನಿಮಿಷದ ಹುಡುಕಾಟವನ್ನು ನಂಬಿ ಕೂರಲಾಗದು ಎಂದು ಗೊತ್ತಾಯಿತು. ಬ್ಲೌಸಿಗೆ ಮಾಡುವ ಹಾಗೆಯೇ ಕಂದು ಕಾಗದದ ಮೇಲೆ ಬಿಜಾಗರಿಯ ಪಡಿಯಚ್ಚು ತೆಗೆದೆ. ತೆರೆದಾಗ ಹೀಗೆ, ಮಡಚಿದಾಗ ಹೀಗೆ, ದಪ್ಪ ಇಷ್ಟು, ಸ್ಕ್ರೂ ತೂತುಗಳು ಇಲ್ಲಿಲ್ಲಿ. ಕಿಟಕಿಯ ಉದ್ದ ಅಗಲ, ಗಾಜಿನ ದಪ್ಪ ಎಲ್ಲ ಬರೆದೆ. ಕುಮಟೆಯಲ್ಲಿ ಇಂಥ ಕಿಟಕಿಗಳನ್ನು ಮಾಡುವ ವರ್ಕ್‌ಶಾಪ್ ಇದೆಯೆಂದು ಗಂಡ ತಿಳಿದುಕೊಂಡು ಬಂದಿದ್ದರು. ಅವರ ಬಸ್ಸಿನಲ್ಲೇ ಹೊರಟೆ.

ಬಸ್ಸಿನಲ್ಲಿ ಅವರು ಎಲ್ಲರ ಹಾಗೆ ನನ್ನ ಹತ್ತಿರವೂ ಬಂದು, "ಎಲ್ಲಿಗೆ?" ಎಂದರು.

"ಕುಮಟೆ."

"ಆಧಾರ್ ತೋರ್ಸಿ."

ಹೆಂಗಸರಿಗೆ ಬಸ್ಸು ಉಚಿತ ಹೌದು, ಆದರೆ ಗುರುತಿನ ಚೀಟಿ ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಳ್ಳಬೇಕು. ನಾನು ಚೀಲ ತಡಕಿದೆ. ಆಧಾರ್ ಕಾರ್ಡು ಪಡಿಯಚ್ಚಿನ ಕಾಗದಗಳ ನಡುವೆ ಎಲ್ಲೋ ಸೇರಿಕೊಂಡಿತ್ತು. ಅವರು ಸುಮ್ಮನೆ ಕಾಯುತ್ತ ನಿಂತರು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಸಿಟ್ಟು ಬಂತು.

"ಪಾಪ, ಅವ್ರು ಹುಡುಕ್ತಾ ಇದ್ರಲೇ! ನಿಮ್ಮ ಮನೇಲಿ ಹೆಂಗಸ್ರು ಇಲ್ವಾ ಕಂಡಕ್ಟ್ರೇ?"

"ಇದ್ರು. ಅದೇ ಕಷ್ಟ" ಎಂದರು ನನ್ನ ಗಂಡ, ಮುಖ ಒಂದಿಷ್ಟೂ ಸಡಿಲಿಸದೆ.

ನಾನು ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡೆ. ಆ ಹೆಂಗಸು ಹೊನ್ನಾವರದಲ್ಲಿ ಇಳಿಯುವವರೆಗೂ ನನ್ನನ್ನು ಸಮಾಧಾನ ಮಾಡುತ್ತಲೇ ಇದ್ದರು. ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಅವರಿಗೆ ಇನ್ನೂ ಬೇಸರವಾಗುತ್ತಿತ್ತೇನೋ.

ಕುಮಟೆಯ ವರ್ಕ್‌ಶಾಪಿನ ಯಜಮಾನರು ಐವತ್ತರ ಆಸುಪಾಸಿನವರು. ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಚೌಕಟ್ಟು ಕೊಯ್ಯುತ್ತಿದ್ದರು. ಬಿಜಾಗರಿ ಬೇಕೆಂದಾಗ, "ಹಳೇದು ತಂದ್ರಾ, ಅಳತೆ ತಂದ್ರಾ, ಅಥ್ವಾ ಮೊಬೈಲಲ್ಲಿ ಫೋಟೋ ತಂದ್ರಾ?" ಎಂದು ಬೇಸರದಿಂದಲೇ ಕೇಳಿದರು. ನಾನು ತುಂಡು ಬಿಜಾಗರಿಯನ್ನೂ ಕಂದು ಕಾಗದವನ್ನೂ ಬೆಂಚಿನ ಮೇಲೆ ಬಿಡಿಸಿಟ್ಟೆ. ಅವರು ಕನ್ನಡಕ ಇಳಿಸಿದರು. ಮೆಷಿನ್ ಬಂದ್ ಮಾಡಿದರು.

"ಇದು ಯಾರು ಮಾಡಿದ್ದು?"

"ನಾನೇ. ಟೇಲರ್ ನಾನು."

"ಇಷ್ಟು ಸರಿ ಅಳತೆ ಇಂಜಿನಿಯರ್ ಕೂಡ ಕಳಿಸೂದಿಲ್ಲ ಮಾರಾಯ್ರೆ" ಎಂದು ಕುರ್ಚಿ ಎಳೆದುಕೊಟ್ಟರು.

ಹಾಕುವವಳೂ ನಾನೇ ಎಂದಾಗ ಅವರು ಒಂದು ಗಳಿಗೆ ಯೋಚಿಸಿದರು. ಜಾಲಿಯವರೆಗೆ ಜನ ಕಳಿಸಬೇಕೆಂದರೆ ಮಳೆ ಹಿಡಿದ ಮೇಲೆಯೇ ಎಂದರು. ಆಮೇಲೆ ಅರ್ಧ ಮುಗಿದಿದ್ದ ಒಂದು ಕಿಟಕಿಯನ್ನು ಬೆಂಚಿಗೆ ಏರಿಸಿ, ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಪಾಠ ಶುರುಮಾಡಿದರು. ಒಂದು ಮುರಿದರೆ ಒಂದನ್ನೇ ಬದಲಾಯಿಸಬಾರದು, ಜೋಡಿಯನ್ನೇ ಬದಲಾಯಿಸಬೇಕು. ಮೊದಲು ತುದಿಗೊಂದು ಸ್ಕ್ರೂ ಮಾತ್ರ ಹಾಕಿ, ಕಿಟಕಿ ಮುಚ್ಚಿ ತೆರೆದು ನೋಡಿ, ಸರಿಯಿದ್ದರೆ ಉಳಿದವು. ಬಲ ಇದೆ ಎಂದು ತಿರುಗಿಸಿದರೆ ಪ್ಲಾಸ್ಟಿಕ್ಕಿನ ತೂತು ಸಡಿಲಾಗಿ ಸ್ಕ್ರೂ ಸುಮ್ಮನೆ ತಿರುಗುತ್ತಿರುತ್ತದೆ, ಹಾಗಾದರೆ ಒಂದು ಅಳತೆ ದಪ್ಪದ್ದು ಹಾಕಬೇಕು. ನಾನು ಕೊಬ್ಬರಿ ಎಣ್ಣೆಯ ವಿಷಯ ಹೇಳಿದಾಗ ಅವರು ಹಣೆ ಚಚ್ಚಿಕೊಂಡರು.

"ಎಣ್ಣೆ ಬಿಟ್ರೆ ಮರಳು, ಧೂಳು ಎಲ್ಲಾ ಅಲ್ಲೇ ಕಚ್ಚಿ ಕೂರ್ತದೆ. ತಿಂಗಳಿಗೊಂದ್ಸಲ ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆ ತಕಂಡು ಉಪ್ಪು ಒರೆಸಿ, ಒಣಗ್ಸಿ. ಅಷ್ಟೇ ಸಾಕು."

ಮೀನಿನ ಅಕ್ಕನ ಮಾತು ನೆನಪಾಗಿ ಅಯಸ್ಕಾಂತ ಇದೆಯೇ ಎಂದು ಕೇಳಿದೆ. ಅವರು ನಗುತ್ತ ಕೊಟ್ಟರು. ಬಿಜಾಗರಿಗೆ ಅಂಟಲಿಲ್ಲ. "ಬರೀ ಇದನ್ನೇ ನಂಬೂದಲ್ಲ, ಅಂಟದೇ ಇರೂ ಹಗೂರ ಮಾಲೂ ಬರ್ತದೆ. ಇದು ಒಳ್ಳೆ ಮಾಲು, ನಾ ಹೇಳ್ತೆ" ಎಂದರು. ಕೊನೆಗೆ ಜೋಡಿಯಲ್ಲಿ ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಪೆನ್ನಿನಿಂದ ಗುರುತು ಹಾಕಿ ಕಾಗದದಲ್ಲಿ ಸುತ್ತಿಕೊಟ್ಟರು.

ಗಂಡನ ರಜೆಯ ದಿನ ಕೆಲಸ ಇಟ್ಟುಕೊಂಡೆವು. ಮೀನಿನ ಅಕ್ಕನಿಗೆ ಮೊದಲೇ ಹೇಳಿದ್ದೆ. "ಇಳಿಸಿದ್ದು ನಾನು, ಹತ್ತಿಸೂಕೂ ನಾನೇ ಬರ್ತೆ" ಎಂದಿದ್ದಳು. ಬುಟ್ಟಿ ಖಾಲಿ ಮಾಡಿಕೊಂಡು ಹನ್ನೊಂದಕ್ಕೆ ಬಂದಳು. ಅಮ್ಮನೂ ಮಂಡಿನೋವು ಲೆಕ್ಕಿಸದೆ ಮೇಲೆ ಬಂದು ಕುರ್ಚಿಯಲ್ಲಿ ಕೂತರು. ಅವರ ಕೈಯ ಮೊಬೈಲಿನಲ್ಲಿ ದುಬೈಯ ಮಗ.

ಹಳೆಯ ಸ್ಕ್ರೂಗಳಲ್ಲಿ ಒಂದರ ತಲೆ ಸವೆದು ಸ್ಕ್ರೂಡ್ರೈವರ್ ಜಾರುತ್ತಿತ್ತು. ಗಂಡ ಇಕ್ಕಳ ಹಿಡಿದು ಅದರ ಜೊತೆ ಅರ್ಧ ಗಂಟೆ ಗುದ್ದಾಡಿ ಕಿತ್ತರು. ಹೊಸ ಬಿಜಾಗರಿ ಕೂರಿಸಿ, ಮೂವರೂ ಸೇರಿ ಕಿಟಕಿ ಎತ್ತಿ, ತುದಿಗೊಂದು ಸ್ಕ್ರೂ ಹಾಕಿದೆ. ಹೊರಗೆ ತಳ್ಳಿದೆ. ಕಿಟಕಿ ಎರಡು ಇಂಚು ತೆರೆದು ಕಚ್ಚಿಕೊಂಡಿತು. ಮತ್ತೆ ತಳ್ಳಿದೆ. ಊಹೂಂ.

"ಸ್ವಲ್ಪ ಎಡಕ್ಕೆ, ಎಡಕ್ಕೆ!" ಎಂದು ದುಬೈಯಿಂದ ಆಜ್ಞೆ ಬಂತು. ಯಾರ ಎಡ ಎಂದು ಯಾರಿಗೂ ತಿಳಿಯಲಿಲ್ಲ.

ಇಷ್ಟೆಲ್ಲ ಅಳತೆ ತೆಗೆದು ತಪ್ಪಾಯಿತೇ? ಕಂದು ಕಾಗದ ಬಿಡಿಸಿ ಹಿಡಿದು ನೋಡಿದೆ. ಕಾಗದದಲ್ಲಿ ಮೇಲಿನ ಪಟ್ಟಿ ಮಡಚುವ ದಿಕ್ಕೇ ಬೇರೆ, ಇಲ್ಲಿ ಮಡಚುತ್ತಿದ್ದ ದಿಕ್ಕೇ ಬೇರೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹೋಗಿತ್ತು.

"ಇದ್ರ ಮೇಲೆ ಪೆನ್ನಿನ ಗುರುತು ಇತ್ತಲ, ಎಂತ ಆತು?" ಎಂದೆ.

ಗಂಡ ಕೈಯಲ್ಲಿದ್ದ ಬಟ್ಟೆಯನ್ನು ನೋಡಿಕೊಂಡರು. "ಬೆಳಿಗ್ಗೆ ಒರೆಸಿದ್ನಲ... ಹೊಸ ಸಾಮಾನು, ಚೊಕ್ಕ ಇರ್ಲಿ ಅಂತ."

ಮೊದಲು ನಕ್ಕಿದ್ದು ಅಮ್ಮ. ಅವರು ನಗುವಾಗ ಮೊಬೈಲು ಅಲುಗಿ ಮಗನಿಗೆ ಫ್ಯಾನು, ನೆಲ, ನನ್ನ ಕಾಲು ಎಲ್ಲ ಕಂಡಿರಬೇಕು. "ಎಂತ ಆತು? ಎಂತ ಆತು?" ಎನ್ನುತ್ತಲೇ ಇದ್ದ. ಮೀನಿನ ಅಕ್ಕ ಕಿಟಕಿ ಹಿಡಿದುಕೊಂಡೇ ನಗುತ್ತಿದ್ದಳು. ನನಗೆ ಕಿಟಕಿ ಬೀಳುತ್ತದೋ ಎಂಬ ಹೆದರಿಕೆ, ಜೊತೆಗೆ ತಡೆಯಲಾರದ ನಗು.

ಮತ್ತೆ ಇಳಿಸಿದೆವು, ಅದಲುಬದಲು ಮಾಡಿದೆವು, ಏರಿಸಿದೆವು. ಈ ಸಲ ಒಂದು ಬೆರಳಿನಲ್ಲಿ ತಳ್ಳಿದರೂ ಕಿಟಕಿ ಸದ್ದಿಲ್ಲದೆ ತೆರೆದು, ಬಿಟ್ಟಲ್ಲಿಯೇ ನಿಂತಿತು. ಉಳಿದ ಸ್ಕ್ರೂಗಳನ್ನೂ ಹಾಕಿದೆ. ಒಳಗೆ ಎಳೆದು ಹಿಡಿಕೆ ತಿರುಗಿಸಿದೆ. 'ಟಕ್.'

ಮೀನಿನ ಅಕ್ಕ ಗಾಬರಿಯಾಗಿ ಸುತ್ತ ನೋಡಿದಳು. "ಕಡಲು ಎಲ್ಲೋತು?"

ಎರಡು ಗಾಜಿನ ಕಿಟಕಿ ಸರಿಯಾಗಿ ಮುಚ್ಚಿದರೆ ಹೊರಗಿನ ಸದ್ದು ಬಹಳಷ್ಟು ನಿಂತುಹೋಗುತ್ತದೆ. ಆದರೆ ಹುಟ್ಟಿದಾಗಿನಿಂದ ಕಡಲಿನ ಸದ್ದು ಕಿವಿಯಿಂದ ಇಳಿಯದ ಅವಳಿಗೆ ಅದು ಹೊಸದು. ನಾನು ತೆರೆದೆ. ತೆರೆಯ ಮೊರೆತ, ಕಾಗೆ, ಓಣಿಯ ಸ್ಕೂಟರು ಎಲ್ಲ ಒಳಗೆ ಬಂದವು. ಅವಳು ನನ್ನ ಕೈ ಸರಿಸಿ ತಾನೇ ಮುಚ್ಚಿದಳು. ಮತ್ತೆ ತೆರೆದಳು. ಮತ್ತೆ ಮುಚ್ಚಿದಳು. ಆಮೇಲೆ ಗಾಜಿಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ನಿಂತು, "ಬೇಡಪ್ಪ, ತೆಗೆದೇ ಇಡು. ಹೆದ್ರಿಕೆ ಆಗ್ತದೆ" ಎಂದಳು.

ಅವತ್ತು ಎಲ್ಲರಿಗೂ ನಮ್ಮಲ್ಲೇ ಊಟ. ಅಮ್ಮ ಕೆಳಗಿನಿಂದ ಶಾವಿಗೆ ಪಾಯಸ ತಂದರು. ಮಳೆ ಹಿಡಿಯುವ ಮೊದಲು ಮನೆಯ ಉಳಿದ ಕಿಟಕಿಗಳ ಬಿಜಾಗರಿಗಳನ್ನೂ ಬದಲಾಯಿಸಿದೆ. ಸಾಮಾನು ಮಗನ ಕಡೆಯಿಂದ, ಕೈ ನನ್ನದು. ಕೊನೆಯ ಎರಡನ್ನು ಗಂಡನ ಸಹಾಯವನ್ನೂ ಕೇಳದೆ ಅಮ್ಮನ ಎದುರಿಗೆ ಹಾಕಿದೆ. ಅಮ್ಮ ತಮ್ಮ ನೆಂಟರಿಗೆಲ್ಲ ಹೇಳಿಬಿಟ್ಟರು. ಈಗ ಬ್ಲೌಸಿನ ಅಳತೆಗೆ ಬಂದವರು ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮಲ್ಲೂ ಒಂದು ಕಿಟಕಿ ಮುಚ್ಚೂದಿಲ್ಲ..." ಎಂದು ರಾಗ ಎಳೆಯುತ್ತಾರೆ.

ಜೂನಿನಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನಿನ ಅಕ್ಕನಿಗೆ ಬಿಡುವು. ಒಂದು ದಿನ ಬುಟ್ಟಿಯಿಲ್ಲದೆ, ಕೊಡೆ ಹಿಡಿದು ಬಂದಳು. ತಮ್ಮ ಮನೆಯ ಹಿಂಬಾಗಿಲ ಬಿಜಾಗರಿ ಕಿತ್ತುಹೋಗಿದೆ, ಬಂದು ನೋಡಬೇಕು, ಇವತ್ತೇ ಬರಬೇಕು ಎಂದಳು. ನಾನು ಸ್ಕ್ರೂಡ್ರೈವರು, ಇಕ್ಕಳ, ಟೇಪು ಎಲ್ಲ ಚೀಲಕ್ಕೆ ಹಾಕಿಕೊಂಡು ಅವಳ ಜೊತೆ ಬಂದರಿನ ಹತ್ತಿರದ ಅವಳ ಮನೆಗೆ ಹೋದೆ. ಹಿಂಬಾಗಿಲನ್ನು ತೆರೆದು ನೋಡಿದೆ, ಮುಚ್ಚಿ ನೋಡಿದೆ. ಎರಡೂ ಬಿಜಾಗರಿ ಗಟ್ಟಿಯಾಗಿದ್ದವು.

"ಅಕ್ಕಾ, ಇದ್ಕೆ ಎಂತದೂ ಆಗ್ಲಿಲ್ಲ!"

"ಹೌದು. ಸುಮ್ನೆ ಊಟಕ್ಕೆ ಬಾ ಅಂದ್ರೆ ನೀ 'ಇನ್ನೊಂದಿನ ಬರ್ತೆ, ಹೊಲಿಗೆ ಇತ್ತು' ಅಂತಿ" ಎಂದಳು. ಒಳಗೆ ತಟ್ಟೆ ಇಟ್ಟಾಗಿತ್ತು. ಒಣಸಿಗಡಿ ಚಟ್ನಿ, ಕುಚ್ಚಲಕ್ಕಿ ಅನ್ನ, ಅವಳ ಗಂಡ ಗಾಳ ಹಾಕಿ ಹಿಡಿದು ತಂದ ಹೊಳೆಮೀನಿನ ಸಾರು. ಚೀಲವನ್ನು ಬಾಗಿಲ ಬದಿಗೆ ಇಟ್ಟು ಕೈ ತೊಳೆದುಕೊಂಡೆ.